ಮೂರು ಮೆಟ್ಟಿಲು

ಬೆಳಗ್ಗೆ ತುಮಕೂರಿನ ಸಿಟಿ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ತೊಡೆಯ ಮೇಲೆ ಫೈಲು ಇಟ್ಟುಕೊಂಡಾಕೆ ವಾರ್ಡಿನ ಕೌನ್ಸಿಲರ್. ಸೊಪ್ಪಿನ ಚೀಲ ಹಿಡಿದವರು ಅದೇ ವಾರ್ಡಿನ ಅಜ್ಜಿ.

“ಗ್ರಾಂಟ್ ಬಂದೈತೆ ಗಂಗಮ್ಮಜ್ಜಿ, ಇವತ್ತೇ ಮೀಟಿಂಗು. ನಿಮ್ಮ ಬೀದಿಗೆ ರೋಡ್ ಹಾಕ್ಸೋದೋ, ಗುಡಿಸ್ಲೋರಿಗೆ ಮನೆ ಕಟ್ಸೋದೋ, ಎರಡ್ರಲ್ಲಿ ಒಂದೇ ಆಗೋದು.”

“ಅಯ್ಯೋ, ರೋಡ್ ಬ್ಯಾಡ ಕಣವ್ವ.”

“ಯಾಕಜ್ಜಿ? ಗುಂಡಿ ಬಿದ್ದೈತೆ ಅಂತ ನೀವೇ ಬೈತಿದ್ರಿ.”

“ಗುಂಡಿ ಮುಚ್ಚಿದ್ರೆ ಸಾಕು. ನಾನು ಮದ್ವೆಯಾಗಿ ಬಂದಾಗ ಮೂರು ಮೆಟ್ಲು ಹತ್ತಿ ಮನೆಯೊಳಕ್ಕೆ ಹೋಗಿದ್ದೆ. ಹಳೇ ಟಾರು ಕೀಳ್ದೆ ಅದರ ಮ್ಯಾಲೇ ಹಾಕಿ ಹಾಕಿ, ಈಗ ಮೂರು ಮೆಟ್ಲು ಇಳ್ದು ಹೋಗ್ತೀನಿ. ಕಿಟಕೀಲಿ ನೋಡಿದ್ರೆ ಬೀದೀಲಿ ಹೋಗೋರ ಕಾಲು ಮಾತ್ರ ಕಾಣ್ತವೆ.”

“ರೋಡ್‌ಗೆ ಕೈ ಎತ್ತಲಿಲ್ಲ ಅಂದ್ರೆ ನಿಮ್ಮ ಬೀದಿಯೋರು ನಂಗೆ ವೋಟ್ ಹಾಕ್ತಾರಾ?”

“ನಾನು ಹಾಕ್ತೀನಲ್ಲ. ಮನೆಗೇ ಕೈ ಎತ್ತು. ಕಟ್ಟೋವಾಗ ಪಾಯ ಮಾತ್ರ ಎತ್ತರ ಇರ್ಲಿ.”

ಗುಬ್ಬಿ ಗೇಟ್ ಬಂತು. ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋದ ಅಜ್ಜಿ ತಿರುಗಿ ನಿಂತರು.

“ಮೀಟಿಂಗ್ ಮುಗಿಸ್ಕಂಡು ಮನೆಗೆ ಬಾ, ಕಾಫಿ ಕುಡಿಯೂವಂತೆ. ರೋಡ್ ಪಾಸಾದ್ರೆ ಏಣಿ ತಗೊಂಡು ಬಾ.”