ದೊಡ್ಡ ಮಗಳು ಎಲ್ಲಿ ಹೋದಳು?

ಮೇಚೇರಿಯ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ ನಾರಾಯಣಮ್ಮನ ಪಕ್ಕದಲ್ಲೇ ಅಕ್ಕ-ತಮ್ಮ ಇಬ್ಬರು ಫೋನಿನಲ್ಲಿ ಹಳೇ ತಮಿಳು ನಗೆ ಧಾರಾವಾಹಿ ನೋಡುತ್ತಾ ಜಗಳಕ್ಕೆ ಬಿದ್ದಿದ್ದರು. ಕೇಳಬಾರದೆಂದರೂ ಅವಳ ಕಿವಿ ಅತ್ತಲೇ ಇತ್ತು.

"ದೊಡ್ಡ ಮಗಳು ತಲೆ ಬಾಚ್ಕೊಂಡು ಬತ್ತೀನಿ ಅಂತ ಮೇಲಿನ ರೂಮಿಗೆ ಹೋದ್ಲು. ಆಮೇಲೆ ಸೀರಿಯಲ್‌ನಾಗೆ ಬರ್ಲೇ ಇಲ್ಲ. ಎಲ್ಲಿ ಹೋದ್ಲು ಗಿರಿ?"

"ಮದುವೆ ಆಗಿರ್ತದೆ ಬಿಡಕ್ಕಾ."

"ಮದುವೆ ಆದ್ರೆ ಯಾರೂ ಹೆಸರೇ ಎತ್ತಬಾರ್ದಾ? ಅವರಪ್ಪ, ನಂಗಿರೋದು ಒಬ್ನೇ ಮಗ ಅಂತಾನೆ!"

"ಕಾಮಿಡಿ ತಾನೇ? ಕಥೆ ಬರ್ದೋನು ಮರ್ತಿರ್ತಾನೆ."

"ಅವನು ಮರೀಲಿ. ನೀನು? ಮಗೂಗೆ ಕಿವಿ ಚುಚ್ಚಿಸ್ದೆ, ಎಂಡ್ತಿ ಕಡೆಯೋರೆಲ್ಲಾ ಬಂದು ಉಂಡ್ರು. ನಂಗ್ಯಾಕೋ ಹೇಳ್ಲಿಲ್ಲ?"

ಗಿರಿ ಫೋನ್ ಆರಿಸಿದ. "ಅವಸರದಾಗೆ ಆಗೋಯ್ತಕ್ಕಾ."

"ನಾನಿರೋ ಎಡಪ್ಪಾಡಿ ಏನು ಡೆಲ್ಲೀನಾ? ಒಂದು ಫೋನ್ ಮಾಡೋಕೆ ಆಗ್ಲಿಲ್ವಾ?"

ಅಷ್ಟರಲ್ಲಿ ಎಡಪ್ಪಾಡಿ ಬಸ್ ಬಂತು. ಗಿರಿ ಅಕ್ಕನ ಚೀಲಕ್ಕೆ ಕೈ ಹಾಕಿದ, ಅವಳು ಕಿತ್ತುಕೊಂಡಳು.

"ನಾನೂ ಬತ್ತೀನಿ. ಬಾವನತ್ರ ತಪ್ಪಾಯ್ತು ಅಂತ ಮನ್ನಿಪ್ಪು ಕೇಳ್ತೀನಿ."

"ನೀನು ಮರ್ತಿದ್ದು ಬಾವನ್ನಲ್ಲ ಕಣೋ, ನನ್ನ!"

ಅವಳು ಬಸ್ಸು ಹತ್ತಿದಳು. ಗಿರಿ ಒಂದು ಕ್ಷಣ ನಿಂತು, ಹೊರಟ ಬಸ್ಸಿನ ಹಿಂಬಾಗಿಲಿಗೆ ಓಡಿ ಹತ್ತಿಕೊಂಡ. ಆಮೇಲಿನ ಮಾತು ನಾರಾಯಣಮ್ಮನಿಗೆ ಕೇಳಲಿಲ್ಲ.