ಮುಕ್ಕಾಲು ಲೀಟರಿನ ಬಾಟಲಿ

"ಒಂದು ಲೀಟರ್ ಅಂದ್ರೆ ಎಷ್ಟು ಎಂ.ಎಲ್. ಕಣೇ? ಬಾಯಿ ಬಿಟ್ಟು ಹೇಳು!"

"ಸಾವಿರ. ಮೆಲ್ಲಗೆ ಮಾತಾಡ್ರೀ, ಎಲ್ಲರೂ ನೋಡ್ತಿದ್ದಾರೆ."

ಹೃದಯದ ಡಾಕ್ಟರ ಕೋಣೆಯ ಹೊರಗೆ, ನನ್ನೆದುರಿನ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಆತನ ಕೈಯಲ್ಲಿ ನೀಲಿ ಬಣ್ಣದ ನೀರಿನ ಬಾಟಲಿ.

"ನೋಡ್ಲಿ ಬಿಡು! ದಿನಕ್ಕೆ ಒಂದೇ ಲೀಟರ್ ಕುಡೀಬೇಕು, ಹೆಚ್ಚಾದ್ರೆ ಕಾಲು ಊದುತ್ತೆ ಅಂದ್ರು ಡಾಕ್ಟ್ರು. ನೀನು ದಿನಾ ಬೆಳಿಗ್ಗೆ ಇದನ್ನ ತುಂಬಿಸಿಟ್ಟು, ಇಷ್ಟೇ ಅಂದೆ. ಇದರ ತಳದಲ್ಲಿ ಏನು ಬರೆದಿದೆ, ಓದು!"

"ಏಳುನೂರೈವತ್ತು."

"ಕಾಲು ಲೀಟರ್ ಕದ್ದಿದ್ದೀಯ! ಮೂರು ತಿಂಗಳಿಂದ ನನ್ನ ನಾಲಿಗೆ ಒಣಗಿ ಚಪ್ಪಲಿ ಅಟ್ಟೆ ಆಗಿದೆ. ಹಗೆಯಾದವನೂ ಕುಡಿಯೋ ನೀರಿಗೆ ಕೈ ಹಾಕಲ್ಲ ಕಣೇ!"

"ಬಸ್ ಸ್ಟ್ಯಾಂಡ್ ಹತ್ರದ ಟೀ ಅಂಗಡಿ ಲೋಟ ಎಷ್ಟು ಹಿಡಿಯುತ್ತೆ?"

"ಯಾವ ಟೀ?"

"ವಾಕಿಂಗ್ ಅಂತ ಹೋಗಿ ಹೀರ್ತೀರಲ್ಲ, ಆ ಟೀ! ನಾನೇ ಹೋಗಿ ಅಳೆದು ಬಂದಿದ್ದೀನಿ. ನೂರಿಪ್ಪತ್ತೈದು. ಬೆಳಿಗ್ಗೆ ಒಂದು, ಸಂಜೆ ಒಂದು. ಬಾಟ್ಲಿ ಜೊತೆ ಸೇರಿಸಿ ಕೂಡಿಸ್ರೀ ಈಗ!"

ಆತ ತುಟಿಯಲ್ಲೇ ಪಿಟಿಪಿಟಿ ಅಂತ ಕೂಡಿಸಿದ. ಲೆಕ್ಕ ಸರಿಯಾಗಿ ಸಾವಿರಕ್ಕೇ ಬಂದಿರಬೇಕು, ದನಿ ಸ್ವಲ್ಪ ಇಳಿಯಿತು.

"ಗೊತ್ತಿದ್ದ ಮೇಲೆ ನನಗೊಂದು ಮಾತು ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ರೆ ಬೇರೆ ಅಂಗಡಿ ಹುಡುಕ್ತಿದ್ರಿ. ಅಲ್ಲಿ ಲೋಟ ಎಷ್ಟು ದೊಡ್ಡದಿರುತ್ತೋ, ಯಾರು ಹೋಗಿ ಅಳೀತಾರೆ?"

ಅಷ್ಟರಲ್ಲಿ ನರ್ಸ್ ಕರೆದಳು. ಆಕೆ ತಿರುಗಿಯೂ ನೋಡದೆ ಮುಂದೆ ನಡೆದಳು. ಆತ ಬಾಟಲಿಯನ್ನು ಬೆಂಚಿನ ಮೇಲೆ ಕುಕ್ಕಿ ಹಿಂದೆ ಹೋದ. ಬಾಗಿಲ ತನಕ ಹೋದವನು ಗೊಣಗುತ್ತಾ ವಾಪಸ್ ಬಂದು, ಅದನ್ನು ಕಂಕುಳಲ್ಲಿ ಅವುಚಿಕೊಂಡು ಒಳಗೆ ಹೋದ.