ಯಾರೂ ಕೂರದ ಹಿತ್ತಲು

ಒಬ್ಬ ಶ್ರೀಮಂತನಿದ್ದ. ಯಾವ ಊರಿನವನು ಎಂದು ಕೇಳಬೇಡಿ. ನಿಮ್ಮ ಊರಿನವನೇ ಎಂದುಕೊಂಡರೂ ನನ್ನ ಅಭ್ಯಂತರವಿಲ್ಲ. ಮುಂದೆ ಮೂರಂತಸ್ತಿನ ಮನೆ, ಹಿಂದೆ ಅಂಗೈಯಗಲದ ಹಿತ್ತಲು. ಆ ಹಿತ್ತಲಲ್ಲಿ ಏನಿತ್ತು? ಬಟ್ಟೆ ಒಗೆಯುವ ಕಲ್ಲು, ಬಚ್ಚಲ ನೀರು ಕುಡಿದು ಬೆಳೆದ ನಾಲ್ಕು ಬಾಳೆ, ಒಂದು ಒರಳು, ಬಟ್ಟೆ ಒಣಹಾಕುವ ತಂತಿ. ನೋಡಿ, ಇಷ್ಟೇ.

ಅವನಿಗೆ ಒಂದು ಕೊರಗು. ಮನೆಯಲ್ಲಿ ತಾಯಿ, ಹೆಂಡತಿ, ಮಗ, ಸೊಸೆ, ಮೊಮ್ಮಗಳು ಎಲ್ಲರೂ ಇದ್ದರು, ಆದರೆ ಅವನ ಜೊತೆ ಯಾರೂ ಕೂರುತ್ತಿರಲಿಲ್ಲ. ಬಡಿಸುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಎದ್ದು ಹೋಗುತ್ತಿದ್ದರು. ಅರವತ್ತು ದಾಟಿದವನಿಗೆ ಅದು ಚುಚ್ಚುತ್ತಿತ್ತು. ಇವರಿಗೆ ಕೂರಲು ಒಳ್ಳೆಯ ಜಾಗವಿಲ್ಲ, ಅದಕ್ಕೇ ಹೀಗೆ ಎಂದು ತೀರ್ಮಾನಿಸಿದ. ಉಳ್ಳವರ ಲಕ್ಷಣವೇ ಅದು. ಯಾವ ಕೊರತೆಯೂ ಅವರಿಗೆ ಕಟ್ಟಡದ ಕೊರತೆಯಾಗಿಯೇ ಕಾಣುತ್ತದೆ.

ಮೇಸ್ತ್ರಿಯನ್ನು ಕರೆಸಿದ. ಮೇಸ್ತ್ರಿ ಟೇಪು ಹಿಡಿದು ಅಳೆದು, "ಸ್ವಾಮಿ, ಮನೆಯೋರನ್ನ ಒಂದ್ಮಾತು ಕೇಳ್ಬೇಡ್ವೇ?" ಎಂದ.

"ಅವ್ರಿಗೋಸ್ಕರಾನೇ ಅಲ್ವೇನಯ್ಯಾ ಮಾಡಿಸ್ತಿರೋದು? ಅವ್ರನ್ನೇನು ಕೇಳೋದು?"

ಈ ಮಾತನ್ನು ನಾವು ಎಷ್ಟು ಸಲ ಆಡಿದ್ದೇವೆ, ಸ್ವಲ್ಪ ನೆನಪು ಮಾಡಿಕೊಳ್ಳಿ.

ಬಾಳೆ ಹೋಯಿತು. ತಂತಿ ತಾರಸಿಗೆ ಹತ್ತಿತು. ಒರಳನ್ನು ಯಾರಿಗೋ ಕೊಟ್ಟರು. ಒಗೆಯುವ ಕಲ್ಲನ್ನು ಮನೆಗೂ ಕಾಂಪೌಂಡಿಗೂ ನಡುವಿನ ಸಂದಿಗೆ ಉರುಳಿಸಿದರು. ಹಿತ್ತಲಿಗೆ ಹಸಿರು ಹುಲ್ಲಿನ ಹಾಸು ಬಂತು, ಎದುರುಬದುರು ಎರಡು ಗ್ರಾನೈಟ್ ಬೆಂಚು ಬಂದವು. ದಿನಾ ಸಂಜೆ ಐದೂವರೆಗೆ ಎಲ್ಲರೂ ಇಲ್ಲಿ ಕೂರಬೇಕು ಎಂದು ಅಪ್ಪಣೆಯಾಯಿತು.

ಕೂತರು. ಹೇಗೆ ಕೂತರು? ಡಾಕ್ಟರ ಬಾಗಿಲಲ್ಲಿ ಕೂರುವ ಹಾಗೆ. ತಾಯಿ ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡಿದಳು. ಮಗ ಮೊಬೈಲು ನೋಡಿದ. ಮೊಮ್ಮಗಳು ಹುಲ್ಲಿನ ಮೇಲೆ ಓಡಿದಳು. "ತುಳೀಬೇಡ ಪುಟ್ಟಿ" ಎಂದು ಇವನೇ ತಡೆದ. ಹೆಂಡತಿ ಒಲೆಯ ಮೇಲೆ ಹಾಲಿದೆ ಎಂದು ಎದ್ದಳು, ಸೊಸೆ ಅತ್ತೆಗೆ ಸಹಾಯಕ್ಕೆಂದು ಎದ್ದಳು. ಐದನೆಯ ದಿನ ಬೆಂಚಿನ ಮೇಲೆ ಶ್ರೀಮಂತ ಒಬ್ಬನೇ ಇದ್ದ.

ಅವರೆಕಾಯಿಯ ಕಾಲ ಬಂತು. ಒಂದು ದಿನ ಮರೆತ ಕನ್ನಡಕಕ್ಕಾಗಿ ಮಧ್ಯಾಹ್ನವೇ ಮನೆಗೆ ಬಂದ. ಒಳಗೆ ಯಾರೂ ಇಲ್ಲ. ಸಂದಿಯ ಕಡೆಯಿಂದ ನಗು ಕೇಳಿಸಿತು. ಇಣುಕಿದ. ತಾಯಿ ಒಗೆಯುವ ಕಲ್ಲಿನ ಮೇಲೆ, ಹೆಂಡತಿ ಸೊಸೆ ಗೋಣಿತಾಟಿನ ಮೇಲೆ, ಪಕ್ಕದ ಮನೆಯಾಕೆ ಬೋರಲು ಹಾಕಿದ ಬಕೆಟ್ಟಿನ ಮೇಲೆ, ನಡುವೆ ಮೊಮ್ಮಗಳು. ನೆನೆಸಿದ ಅವರೆಕಾಳನ್ನು ಹಿತುಕಿ ಸಿಪ್ಪೆ ಬಿಡಿಸುತ್ತಿದ್ದಾರೆ. ಅವನ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾಳೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಹಾಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ.

ಅವರು ಇವನನ್ನು ಕಂಡರು. ಮಾತು ನಿಂತಿತು. ತಾಯಿಯೊಬ್ಬಳನ್ನು ಬಿಟ್ಟು ಎಲ್ಲರೂ ಎದ್ದು ನಿಂತರು.

"ಕಾಫಿ ಮಾಡ್ಲೇನ್ರೀ?" ಎಂದಳು ಹೆಂಡತಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ.

ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಎದ್ದು ನಿಂತರಲ್ಲ, ಅದು ತಾಗಿತು.

"ಕಾಫಿ ಬೇಡ," ಎಂದ. "ನಾನೂ ಇಲ್ಲೇ ಕೂತ್ಕೊಳ್ಲಾ?"

ತಾಯಿ ಹೇಳಿದಳು: "ಕೂತ್ಕೊ ಮಗ. ಸುಮ್ನೆ ಮುಖ ನೋಡ್ಕೊಂಡು ಕೂತ್ರೆ ಮಾತು ಎಲ್ಲಿಂದ ಬಂದಾತು? ಕೈ ತೊಳ್ಕೊಂಡು ಬಂದು ಕಾಳು ಹಿತುಕು."

ಪಂಚೆ ಮಡಚಿ ನೆಲಕ್ಕೇ ಕೂತ. ಮೊದಲನೆಯ ಕಾಳು ಚಿಮ್ಮಿ ಪಕ್ಕದ ಮನೆಯಾಕೆಯ ಹಣೆಗೆ ಬಡಿಯಿತು. ಯಾರಿಗೂ ನಗುವ ಧೈರ್ಯವಿಲ್ಲ. ಮಗು ನಕ್ಕಿತು, ಆಮೇಲೆ ಹೆಂಡತಿ ನಕ್ಕಳು, ಆಮೇಲೆ ಅರ್ಧಕ್ಕೆ ನಿಂತಿದ್ದ ಮಾತು ಮತ್ತೆ ಹೊರಟಿತು. ಅದು ಯಾರ ಮನೆಯ ಸುದ್ದಿಯೋ ಇವನಿಗೆ ಅರ್ಥವಾಗಲಿಲ್ಲ. ಕೇಳಿದ, ಬುದ್ಧಿ ಹೇಳಲಿಲ್ಲ. ಮರುದಿನ ಮೇಸ್ತ್ರಿಯನ್ನು ಎದುರಿಗೆ ನಿಲ್ಲಿಸಿಕೊಂಡು, "ಅಮ್ಮಾ, ಕಲ್ಲು ಎಲ್ಲಿ ಹಾಕಿಸ್ಲಿ?" ಎಂದು ಕೇಳಿದ. ಮುದುಕಿ ಹುಲ್ಲುಹಾಸಿನ ನಟ್ಟನಡುವೆ ಬೆರಳು ತೋರಿಸಿದಳು. ಅವನು ಹುಲ್ಲನ್ನೊಮ್ಮೆ ನೋಡಿ ಒಪ್ಪಿಕೊಂಡ.

ಹುಲ್ಲಿನ ಮೇಲೆ ನನಗೇನೂ ಹಗೆಯಿಲ್ಲ, ಬೆಂಚಿನ ಮೇಲೂ ಇಲ್ಲ. ಅವನು ತಪ್ಪಿದ್ದೆಲ್ಲಿ? ಕೈ ಆಡುತ್ತಿದ್ದರೆ ಬಾಯಿ ತಾನಾಗಿ ಆಡುತ್ತದೆ. ಅವನು ಹಿತ್ತಲಿನಿಂದ ಕೆಲಸವನ್ನೆಲ್ಲ ಆಚೆ ಹಾಕಿ, ಕೂರುವುದೊಂದನ್ನು ಉಳಿಸಿದ. ಅದೂ ಯಾರನ್ನೂ ಕೇಳದೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಮನೆಯಲ್ಲಿ ಯಾರೂ ನನ್ನ ಜೊತೆ ಕೂರುವುದಿಲ್ಲ ಎನ್ನುವವರು ಇಲ್ಲಿ ಎಷ್ಟು ಜನರಿಲ್ಲ? ಇಂದು ಮನೆಗೆ ಹೋದವರು ಯಾರನ್ನೂ ನಿಮ್ಮ ಬಳಿಗೆ ಕರೆಯಬೇಡಿ. ಅವರು ಎಲ್ಲಿ ಕೂತಿದ್ದಾರೋ ಹುಡುಕಿ, ಅಲ್ಲಿಗೆ ಹೋಗಿ. ಸೊಪ್ಪು ಬಿಡಿಸುತ್ತಿದ್ದರೆ ಒಂದು ಹಿಡಿ ಎಳೆದುಕೊಳ್ಳಿ. ಏನಾದರೂ ಮಾಡಿಸಿಕೊಡುವ ಮೊದಲು, ಬೇಕೇ ಎಂದು ಕೇಳಿ. ನೀವು ಕಾಲಿಟ್ಟ ಕೂಡಲೇ ಮಾತು ನಿಂತರೆ ಸಿಟ್ಟಾಗಬೇಡಿ, ತಿಳಿದುಕೊಳ್ಳಿ: ನೀವು ಆ ಮನೆಯ ಯಜಮಾನರು, ಆದರೆ ಆ ಮನೆಯವರು ಇನ್ನೂ ಆಗಿಲ್ಲ.